ಖಾಲಿ ಎಂದು ಬರೆದ ಸೀಟು

ನನ್ನ ಪಕ್ಕದ ಸೀಟು ಖಾಲಿ ಇರಲಿಲ್ಲ. ಖಾಲಿ ಇತ್ತು ಎಂದು ನಾನು ಎರಡು ಸಲ ಹೇಳಿದ್ದೇನೆ — ಒಮ್ಮೆ ಆರೋಗ್ಯ ಇಲಾಖೆಯ ಹೆಣ್ಣುಮಗಳೊಬ್ಬಳಿಗೆ ಫೋನಿನಲ್ಲಿ, ಇನ್ನೊಮ್ಮೆ ಇದೇ ವಾರಪತ್ರಿಕೆಯಲ್ಲಿ, ಇದೇ ನನ್ನ ಹೆಸರಿನ ಕೆಳಗೆ, ನಿಮಗೆಲ್ಲ. ಎರಡೂ ಸುಳ್ಳು. ಅಲ್ಲಿ ಬಾದಾಮಿಯ ಶಾಲಾ ಶಿಕ್ಷಕಿಯೊಬ್ಬರು ಕುಳಿತಿದ್ದರು. ಅವರ ಬುತ್ತಿಯನ್ನು ನಾನು ಹಂಚಿಕೊಂಡು ತಿಂದೆ. ತಿನ್ನುತ್ತಿರುವಾಗಲೇ ನನಗೆ ಕೊರೊನಾ ಹತ್ತಿದೆ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನೆ ಕುಳಿತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕೋರು ಎನ್ನುತ್ತೇನೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆಯೇ ಕರೆಯುವುದು.

ಹಳೆಯ ಓದುಗರಿಗೆ ಆ ಲೇಖನ ನೆನಪಿರಬಹುದು. ಕೊರೊನಾ ವರ್ಷದಲ್ಲಿ ನಾನು ಮಾಡಿದ ಇಪ್ಪತ್ತಾರು ವಿಮಾನಯಾನಗಳ ವಿಮರ್ಶೆ ಅದು. ಜನ ಮನೆಯ ಹೊಸ್ತಿಲು ದಾಟಲು ಹೆದರುತ್ತಿದ್ದಾಗ ಇಳಕಲ್ಲಿನ ಈ ಮನುಷ್ಯ ಆಕಾಶದಲ್ಲಿ ಓಡಾಡಿಕೊಂಡಿದ್ದ. ನನ್ನ ಕೆಲಸವೇ ಅಂಥದ್ದು. ಗ್ರಾನೈಟ್ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ರಾಜಸ್ಥಾನದ ಕಾರ್ಖಾನೆಗಳಲ್ಲಿ ಯಂತ್ರ ನಿಂತರೆ ಫೋನು ಬರುತ್ತದೆ, ನಾನು ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತುತ್ತೇನೆ. ಎಲ್ಲರೂ ನಿಂತ ಆ ವರ್ಷವೇ ನನಗೆ ಹೆಚ್ಚು ಫೋನು ಬಂದವು, ಯಾಕೆಂದರೆ ಬೇರೆ ಯಾರೂ ಬರಲು ಒಪ್ಪುತ್ತಿರಲಿಲ್ಲ.

ಹಾಗೆ ಹಾರಿ ಹಾರಿ ನನಗೆ ಒಂದು ಗತ್ತು ಬಂದಿತ್ತು. ಯಾವ ನಿಲ್ದಾಣದಲ್ಲಿ ಮೂಗಿಗೆ ಕಡ್ಡಿ ಹಾಕುವವನ ಕೈ ಮೆತ್ತಗೆ, ಯಾವ ಊರಲ್ಲಿ ಕೈಮೇಲೆ ಒತ್ತುವ ಶಾಯಿ ನಾಲ್ಕು ಸ್ನಾನಕ್ಕೂ ಹೋಗುವುದಿಲ್ಲ, ನಡುವಿನ ಸೀಟಿನವರಿಗೆ ತೊಡಿಸುವ ಬಿಳಿ ನಿಲುವಂಗಿ ಯಾವ ಕಂಪನಿಯದ್ದು ಬೇಗ ಹರಿಯುತ್ತದೆ — ಎಲ್ಲ ನನಗೆ ಬಾಯಿಪಾಠ. ಮುಖದ ಮುಂದೆ ಪ್ಲಾಸ್ಟಿಕ್ ಪರದೆ ಕಟ್ಟಿಕೊಂಡು ಕುಳಿತ ಜನರನ್ನು ನೋಡಿ, ವೆಲ್ಡಿಂಗ್ ಅಂಗಡಿಯವರೆಲ್ಲ ಸೇರಿ ದಿಬ್ಬಣ ಹೊರಟಂತಿದೆ ಎಂದು ಬರೆದಿದ್ದೆ. ಆ ಸಾಲು ಓದಿ ಹುನಗುಂದ ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರೊಬ್ಬರು ನನ್ನ ಕೈ ಕುಲುಕಿದ್ದರು. ಪ್ರತಿ ಪ್ರಯಾಣಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದೆ. ನಾಲ್ಕು, ಮೂರು, ಐದೂವರೆ — ಪರೀಕ್ಷಕನ ಹಾಗೆ ಬಲು ಬಿಗಿ ನಾನು. ಕೊನೆಯದಕ್ಕೆ ಮಾತ್ರ ಹತ್ತಕ್ಕೆ ಹತ್ತು. ದಿಲ್ಲಿಯಿಂದ ಹುಬ್ಬಳ್ಳಿ. "ಪಕ್ಕದ ಸೀಟುಗಳು ಖಾಲಿ. ಕಾಲು ಚಾಚಿ ಮಲಗಿ ಬಂದೆ. ವರ್ಷದ ಅತ್ಯುತ್ತಮ ಪ್ರಯಾಣ."

ಇದನ್ನು ಈ ಕೈಯಿಂದಲೇ ಬರೆದೆ.

ಆ ಪ್ರಯಾಣದ ಹಿಂದಿನ ಸಂಜೆ ನನಗೆ ಸಣ್ಣಗೆ ಚಳಿ ಬಂದಿತ್ತು. ಕಾರ್ಖಾನೆಯ ನೀರಿನಲ್ಲಿ ದಿನವಿಡೀ ನೆನೆದದ್ದಕ್ಕೆ ಎಂದುಕೊಂಡೆ. ಬೆಳಿಗ್ಗೆ ಜ್ವರದ ಗುಳಿಗೆ ನುಂಗಿದೆ. ಮೈಕೈ ನೋವಿಗೆ ಎಂದು ನನಗೇ ನಾನು ಹೇಳಿಕೊಂಡೆ — ಆದರೆ ಗುಳಿಗೆ ನುಂಗಿದ ಹೊತ್ತು ಯಾವುದು? ವಿಮಾನ ನಿಲ್ದಾಣದ ಬಾಗಿಲಲ್ಲಿ ಹಣೆಗೆ ಪಿಸ್ತೂಲು ಹಿಡಿದು ಜ್ವರ ನೋಡುತ್ತಾರಲ್ಲ, ಅದಕ್ಕೆ ಸರಿಯಾಗಿ ಒಂದು ಗಂಟೆ ಮೊದಲು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಾನು ಗಡಿಯಾರ ನೋಡಿ ಕುಡಿದೆ. ಎರಡು ದಿನದ ಹಿಂದಿನ 'ರೋಗವಿಲ್ಲ' ಎಂಬ ಚೀಟಿ ಕಿಸೆಯಲ್ಲಿತ್ತು. ಅಷ್ಟಿದ್ದರೆ ಸಾಕಿತ್ತು, ಒಳಗೆ ಬಿಡುತ್ತಿದ್ದರು.

ಎರಡನೆಯ ಅಲೆ ಏಳುತ್ತಿದ್ದ ದಿನಗಳವು. ನನ್ನದು ಓಡಾಡುವ ದಾರಿಯ ಪಕ್ಕದ ಸೀಟು. ಕಿಟಕಿಯ ಕಡೆಯವನು ಹತ್ತಿದ ಕ್ಷಣದಿಂದ ಗಾಜಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ. ನಡುವೆ ಅಕ್ಕೋರು. ಸೀರೆಯ ಮೇಲೆ ಆ ಬಿಳಿ ನಿಲುವಂಗಿ, ತೊಡೆಯ ಮೇಲೆ ಬಟ್ಟೆಯ ಚೀಲ. ನಲವತ್ತೈದರ ಆಸುಪಾಸು. ಬೆಲ್ಟಿನ ಎರಡು ತುದಿ ಕೈಯಲ್ಲಿ ಹಿಡಿದು ಒಂದು ನಿಮಿಷ ನೋಡಿ, ನನ್ನ ಕಡೆ ತಿರುಗಿ ಹಿಂದಿಯಲ್ಲಿ ಏನೋ ಕೇಳಲು ಹೊರಟು ತಡವರಿಸಿದರು. ಅವರ ಹಿಂದಿ ಕೇಳಿಯೇ ನನಗೆ ಗೊತ್ತಾಯಿತು.

"ಕನ್ನಡದಾಗ ಕೇಳ್ರಿ," ಎಂದೆ. "ನಾ ಇಳಕಲ್ಲಿನಾಂವ."

ಅವರ ಕಣ್ಣಷ್ಟೇ ಕಾಣುತ್ತಿದ್ದವು, ಕಣ್ಣಿನಲ್ಲೇ ನಕ್ಕರು. "ಅಯ್ಯ, ಪುಣ್ಯಾ ಬರ್ಲಿ ನಿಮಗ! ಹೋಗೂವಾಗ ರೈಲಿಗೆ ಹೋಗಿದ್ದೆರಿ. ವಿಮಾನ ಇದ ಮೊದಲ. ಈ ಪಟ್ಟಾ ಹ್ಯಾಂಗ್ ಹಾಕ್ಕೋಬೇಕ್ರಿ?"

ಬೆಲ್ಟು ಹಾಕಿಕೊಟ್ಟೆ. ಕಿವಿ ಗವ್ ಎಂದರೆ ಏನು ಮಾಡಬೇಕು ಎಂದು ಹೇಳಿಕೊಟ್ಟೆ. ಆಕಾಶವೆಲ್ಲ ನನ್ನಪ್ಪನ ಆಸ್ತಿ ಎಂಬಂತೆ ಮಾತಾಡಿದೆ. ಅವರು ದಿಲ್ಲಿಯಲ್ಲಿದ್ದ ತಂಗಿಯ ಬಾಣಂತನಕ್ಕೆ ಹೋಗಿದ್ದರು, ಎರಡು ತಿಂಗಳು ಆ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಮದುವೆಯಾದವರಲ್ಲ, ಬಾದಾಮಿಯಲ್ಲಿ ಅಣ್ಣನ ಸಂಸಾರ ಮತ್ತು ತಂದೆಯ ಜೊತೆ ಇದ್ದರು. ತಂದೆ ನಿವೃತ್ತ ಹೆಡ್‌ಮಾಸ್ತರರು, ಮಗಳು ಯಾವಾಗ ಬರುತ್ತಾಳೆ ಎಂದು ದಿನಕ್ಕೆರಡು ಸಲ ಫೋನು ಮಾಡಿಸುತ್ತಿದ್ದರಂತೆ. ಇದೆಲ್ಲ ಟೇಕಾಫ್ ಆಗುವ ಮೊದಲೇ ನನಗೆ ತಿಳಿಯಿತು. ನಮ್ಮ ಕಡೆಯವರು ಹೀಗೆಯೇ.

ಆಗ ವಿಮಾನದಲ್ಲಿ ಊಟ ಕೊಡುವುದನ್ನು ನಿಲ್ಲಿಸಿದ್ದರು. ಮುಕ್ಕಾಲು ಗಂಟೆಯಾದ ಮೇಲೆ ಅಕ್ಕೋರು ಚೀಲದಿಂದ ಬುತ್ತಿ ತೆಗೆದರು. ಬಿಳಿ ಅರಿವೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾವಿನಕಾಯಿ ಉಪ್ಪಿನಕಾಯಿ. ಅರಿವೆಯನ್ನು ನಮ್ಮಿಬ್ಬರ ನಡುವೆ ಹರಡಿದರು.

"ಬ್ಯಾಡ್ರಿ ಅಕ್ಕೋರ, ಹಸಿವಿಲ್ಲ."

"ಬಾಜೂಕ ಒಬ್ಬರನ್ನ ಕೂಡಿಸ್ಕೊಂಡು ಒಬ್ಬಾಕಿನ ಹ್ಯಾಂಗ್ ತಿನ್ಲಿರಿ? ಒಂದ ಅರ್ಧ ರೊಟ್ಟಿ ತಗೋರಿ."

ಇನ್ನೊಮ್ಮೆ ಬೇಡವೆಂದೆ. ಮೂರನೆಯ ಸಲ ಹೇಳಲಾಗಲಿಲ್ಲ. ನಮ್ಮಲ್ಲಿ ಮೂರನೆಯ ಸಲ ಬೇಡ ಎಂದರೆ ಅದು ಹಸಿವಿನ ಮಾತಾಗಿ ಉಳಿಯುವುದಿಲ್ಲ, ಅವಮಾನದ ಮಾತಾಗುತ್ತದೆ. ದಿಲ್ಲಿಯವನೊಬ್ಬ ಪಕ್ಕದಲ್ಲಿದ್ದಿದ್ದರೆ ಅವರು ಕೇಳುತ್ತಲೂ ಇರಲಿಲ್ಲ, ಅವನು ತಿನ್ನುತ್ತಲೂ ಇರಲಿಲ್ಲ. ನಾವು ಒಂದೇ ಜಿಲ್ಲೆಯವರಾದದ್ದೇ — ಇರಲಿ. ಇಬ್ಬರೂ ಮುಖದ ಪರದೆ ಎತ್ತಿದೆವು, ಮಾಸ್ಕು ಇಳಿಸಿದೆವು. ಒಂದೇ ಅರಿವೆಯ ಮೇಲಿನ ರೊಟ್ಟಿಯನ್ನು ಮುರಿದೆವು.

ಬಾಯಿಗಿಟ್ಟೆ. ಏನೂ ಇಲ್ಲ.

ಒಣ ರೊಟ್ಟಿ, ಅದಕ್ಕೇ ಹೀಗೆ ಎಂದು ಚಟ್ನಿ ಹಚ್ಚಿಕೊಂಡೆ. ಇಲ್ಲ. ಉಪ್ಪಿನಕಾಯಿಯ ದೊಡ್ಡ ಹೋಳನ್ನೇ ಬಾಯಿಗೆ ಹಾಕಿಕೊಂಡು ಕಚ್ಚಿದೆ — ಹುಳಿ ಇಲ್ಲ, ಉಪ್ಪಿಲ್ಲ, ಖಾರವಿಲ್ಲ, ವಾಸನೆ ಇಲ್ಲ. ಒದ್ದೆ ರಟ್ಟು ಅಗಿದಂತಿತ್ತು. ಇದರ ಅರ್ಥ ಏನೆಂದು ಆ ವರ್ಷ ಎಳೆಯ ಮಕ್ಕಳಿಗೂ ಗೊತ್ತಿತ್ತು. ನನಗೆ ಗೊತ್ತಿಲ್ಲದೆ ಇರುತ್ತದೆಯೇ? ನಾನು ಇಪ್ಪತ್ತಾರು ವಿಮಾನ ಹತ್ತಿದ ಪಂಡಿತ! ಉಪ್ಪಿನಕಾಯಿ ಬಾಯಲ್ಲೇ ಇತ್ತು.

"ಹ್ಯಾಂಗಾಗೇದ್ರಿ? ಚಟ್ನಿ ನಾನ ಕುಟ್ಟೇನಿ," ಎಂದರು ಅಕ್ಕೋರು.

"ಭಾಳ ಚಲೋ ಆಗೇದ್ರಿ, ಅಕ್ಕೋರ."

ಇದು ನಾನಾಡಿದ ಮಾತು. ಇದರ ಬದಲು ಬೇರೆ ಯಾವ ಮಾತನ್ನಾದರೂ ಆಡಬಹುದಿತ್ತು. 'ನನಗೆ ರುಚಿ ಹತ್ತುತ್ತಿಲ್ಲ, ದೂರ ಸರಿಯಿರಿ' — ಇಷ್ಟೇ ಸಾಕಿತ್ತು. ಎದ್ದು ಹಿಂದಿನ ಶೌಚಾಲಯದ ಬಳಿ ಹೋಗಿ ನಿಂತಿದ್ದರೂ ಆಗುತ್ತಿತ್ತು. ನಾನು ಏನು ಮಾಡಿದೆ ಗೊತ್ತೆ? ಅವರು ಸಂತೋಷದಿಂದ ಮುಂದಿಟ್ಟ ಇನ್ನರ್ಧ ರೊಟ್ಟಿಯನ್ನೂ ತಿಂದೆ. ಬಾಯಿ ತೆರೆದುಕೊಂಡು, ಅವರ ಪ್ರಶ್ನೆಗಳಿಗೆ ಉತ್ತರ ಹೇಳುತ್ತ, ನಗುತ್ತ ತಿಂದೆ. ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಫೋನು ಹಿಡಿದು ಚಿತ್ರ ತೆಗೆಯುತ್ತಾರೆ, ಹುಬ್ಬಳ್ಳಿಯಲ್ಲಿ ಆ್ಯಂಬುಲೆನ್ಸ್ ಬರುತ್ತದೆ, ಸಂಜೆಯೊಳಗೆ ಇಳಕಲ್ಲಿನ ಪ್ರತಿ ಮೊಬೈಲಿನಲ್ಲಿ ನನ್ನ ಮುಖ — ಇದೆಲ್ಲ ತಲೆಯಲ್ಲಿ ಓಡಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ನಾಚಿಕೆ. ಅವರ ಅನ್ನ ಬಾಯಲ್ಲಿಟ್ಟುಕೊಂಡು ಅಂಥ ಮಾತು ಹೇಗೆ ಹೇಳುವುದು ಎಂಬ ಭಿಡೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ಇಲ್ಲಿ ದಾಕ್ಷಿಣ್ಯ ನನ್ನದು, ಹೆರಿಗೆಯ ನೋವು ಇನ್ನೊಬ್ಬರದಾಯಿತು.

ಉಳಿದ ಒಂದೂವರೆ ಗಂಟೆ ಮಾಸ್ಕು ಏರಿಸಿ, ಕಣ್ಣು ಮುಚ್ಚಿ, ನಿದ್ದೆ ಬಂದವನಂತೆ ಕುಳಿತೆ. ಹುಬ್ಬಳ್ಳಿಯಲ್ಲಿ ಅವರ ಅಣ್ಣ ಬಂದಿದ್ದರು. ಅಕ್ಕೋರು ದೂರದಿಂದ ನನಗೆ ಕೈಮುಗಿದು ಕಾರು ಹತ್ತಿದರು.

ಮನೆಗೆ ಬಂದವನೇ ಮಹಡಿಯ ಕೋಣೆ ಸೇರಿಕೊಂಡೆ. ಹೆಂಡತಿ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ನೋಡಿ, ಅವರಿಗೆ ಹೇಳಲು ನನಗೆ ಯಾವ ಭಿಡೆಯೂ ಆಗಲಿಲ್ಲ. ಮಾರನೆಯ ದಿನ ಪರೀಕ್ಷೆ, ಮೂರನೆಯ ದಿನ ಫಲಿತಾಂಶ — ರೋಗ ಇದೆ. ಅದೇ ಮಧ್ಯಾಹ್ನ ಫೋನು ಬಂತು. ದಣಿದ ಧ್ವನಿಯ ಹುಡುಗಿ. ಬೆಳಗಿನಿಂದ ಇದೇ ಪ್ರಶ್ನೆಯನ್ನು ನೂರು ಜನರಿಗೆ ಕೇಳಿದ್ದಳೇನೋ.

"ವಿಮಾನದಾಗ ನಿಮ್ಮ ಬಾಜೂಕ ಯಾರ ಕೂತಿದ್ರುರಿ?"

"ಯಾರೂ ಇರ್ಲಿಲ್ಲವಾ. ಸೀಟ ಖಾಲಿ ಇದ್ವು."

ಅವಳು ಬರೆದುಕೊಂಡಳು. ಪ್ರಯಾಣಿಕರ ಪಟ್ಟಿ ತರಿಸಿ ನೋಡುವಷ್ಟು ಪುರಸೊತ್ತು ಆ ದಿನಗಳಲ್ಲಿ ಯಾರಿಗೂ ಇರಲಿಲ್ಲ, ಅದೂ ನನಗೆ ಗೊತ್ತಿತ್ತು. ಯಾಕೆ ಹಾಗೆಂದೆ? ಅಕ್ಕೋರಿಗೆ ಇಲಾಖೆಯಿಂದ ಫೋನು ಹೋದರೆ, ಚಟ್ನಿ ಚಲೋ ಆಗಿದೆ ಎಂದವನು ಆಗ ಏನು ತಿಳಿದು ಹಾಗೆಂದ ಎಂದು ಅವರಿಗೆ ಹೊಳೆಯುತ್ತದೆ. ಇನ್ನೆಂದೂ ಕಾಣದ ಒಬ್ಬರ ಕಣ್ಣಿನಲ್ಲಿ ಒಳ್ಳೆಯವನಾಗಿ ಉಳಿಯುವುದಕ್ಕೆ ಹಾಗೆಂದೆ. ಕಿಟಕಿಯ ಪಕ್ಕ ಮಲಗಿದ್ದವನನ್ನೂ ಅದೇ ಉಸಿರಿನಲ್ಲಿ ಅಳಿಸಿಹಾಕಿದೆ. ಅವನು ಯಾರು, ಏನಾದ, ಇವತ್ತಿಗೂ ನನಗೆ ಗೊತ್ತಿಲ್ಲ.

ಹತ್ತು ದಿನದಲ್ಲಿ ನಾನು ಗುಣವಾದೆ. ಬಾಯಿಗೆ ರುಚಿ ಬಂತು. ಹುಕಿಯೂ ಬಂತು. ಪತ್ರಿಕೆಯ ಸಂಪಾದಕರು ಕೇಳಿದರೆಂದು ವಿಮರ್ಶೆ ಬರೆಯಲು ಕುಳಿತೆ. ಕೊನೆಯ ಪ್ರಯಾಣವನ್ನು ಬಿಟ್ಟುಬಿಡಬಹುದಿತ್ತು, ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಬಿಡಲಿಲ್ಲ. ಅಚ್ಚಿನಲ್ಲಿ ಬಂದರೆ ಅದು ನಿಜವಾಗುತ್ತದೆ ಎಂದು ನನ್ನ ಮನಸ್ಸಿನ ಯಾವುದೋ ಮೂಲೆ ನಂಬಿತ್ತು. ನಿಮ್ಮಲ್ಲಿ ಎಷ್ಟೋ ಜನ ಓದಿ ನಕ್ಕಿರಿ. ನಾನೂ ನಕ್ಕೆ. ಕ್ರಮೇಣ, ಖರೆ ಹೇಳುತ್ತೇನೆ, ಆ ಸೀಟು ಖಾಲಿಯೇ ಇತ್ತೇನೋ ಎಂಬಷ್ಟು ನಿರಾಳವಾಗಿಬಿಟ್ಟೆ.

ಹೀಗೆ ನಾಲ್ಕು ವರ್ಷ.

ಹೋದ ತಿಂಗಳು ಹುಬ್ಬಳ್ಳಿಯಿಂದ ಬರುವಾಗ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದೆ. ಸುಡುಬಿಸಿಲು. ಅಂಗಡಿಯ ಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತ ಕುಳಿತಿದ್ದ ಹೆಂಗಸೊಬ್ಬರು ಎದ್ದು ಬಂದರು.

"ನೀವು ಇಳಕಲ್ಲಿನವರಲ್ರಿ? ವಿಮಾನದಾಗ ನನಗ ಪಟ್ಟಾ ಹಾಕಿಕೊಟ್ಟಿದ್ರಿ."

ನಾಲ್ಕು ವರ್ಷದಲ್ಲಿ ಹತ್ತು ವರ್ಷ ವಯಸ್ಸಾದಂತಿದ್ದರು ಅಕ್ಕೋರು. ಚೆನ್ನಾಗಿದ್ದೀರಾ ಎಂದು ಕೇಳಿದೆ. ಕೇಳಬಾರದಿತ್ತು ಎನ್ನಲಾರೆ, ಕೇಳಲೇಬೇಕಿತ್ತು, ನಾಲ್ಕು ವರ್ಷ ಮೊದಲೇ.

ಅವರು ಮೆಲ್ಲಗೆ ಹೇಳಿದರು. ಊರಿಗೆ ಬಂದ ಐದನೆಯ ದಿನ ಅವರಿಗೆ ಜ್ವರ. ಏಳನೆಯ ದಿನ ತಂದೆಗೆ. ಮತ್ತೊಂದು ವಾರಕ್ಕೆ ತಂದೆ ಇಲ್ಲ. ಮುಖ ನೋಡಲು ಕೂಡ ಬಿಡಲಿಲ್ಲ.

"ಅಪ್ಪಾರ ಕೈ ನಡಗ್ತಿದ್ದವ್ರಿ. ನಾ ಬಂದ ದಿನದಿಂದ ನಾನ ತುತ್ತು ಮಾಡಿ ತಿನಸ್ತಿದ್ದೆ. ಎರಡು ತಿಂಗಳು ಮಗಳ ಕೈತುತ್ತು ತಪ್ಪಿತ್ತು ಅಂತಿದ್ರು, ಖುಷಿಲೆ ತಿಂತಿದ್ರು. ನಾನ ತಂದು ತಿನಿಸಿದ್ನಿರಿ ಅದನ್ನ."

"ನಿಮ್ಮ ತಂಗಿ ಮನ್ಯಾಗ ಯಾರಿಗರೆ..." ಎಂದು ಕೇಳಿದೆ.

"ಯಾರಿಗೂ ಏನೂ ಇಲ್ರಿ. ಕೂಸು ಬಾಣಂತಿ ಎಲ್ಲಾ ಗಟ್ಟಿ. ನನಗೆಲ್ಲಿ ಹತ್ತಿತೋ ತಿಳೀವಲ್ದು. ಅಣ್ಣ ಬಾಯಿ ಬಿಟ್ಟು ಏನೂ ಅನ್ನಂಗಿಲ್ಲ. ಆದ್ರ ಅಪ್ಪಾರ ಶ್ರಾದ್ಧದ ದಿವಸ ನನ್ನ ಅಡಿಗಿಮನಿಯೊಳಗ ಕರಿಯಂಗಿಲ್ಲ. ಹೊರಗ ಪಡಸಾಲ್ಯಾಗ ಕೂಡಸ್ತಾರ. ಊಟಕ್ಕ ಬಡಸ್ತಾರ, ಉಂಡು ಬರ್ತೇನಿ." ಈಗ ಶಾಲೆಯ ಹತ್ತಿರ ಬೇರೆ ಕೋಣೆ ಮಾಡಿಕೊಂಡಿದ್ದಾರಂತೆ.

ಯಂತ್ರ ರಿಪೇರಿಯವನ ಬುದ್ಧಿ ನನ್ನದು. ಕೊಯ್ದ ಕಲ್ಲಿನ ಮೇಲೆ ಸೊಟ್ಟ ಗೆರೆ ಬಿದ್ದಿದ್ದರೆ ಆ ಗೆರೆಯಿಂದ ಯಂತ್ರದೊಳಗೆ ಹಿಂದಕ್ಕೆ ಹೋಗುತ್ತೇನೆ — ಪಟ್ಟಿ, ಗಾಲಿ, ಹಲ್ಲು. ಎಲ್ಲಿ ಮುರಿದಿದೆ ಎಂದು ತೋರಿಸುತ್ತೇನೆ. ಅಲ್ಲಿ ಬಿಸಿಲಿನಲ್ಲಿ ನಿಂತಿದ್ದಾಗ ನನ್ನ ತಲೆ ತಾನಾಗಿಯೇ ಹಿಂದಕ್ಕೆ ಹೋಯಿತು. ಏಳನೆಯ ದಿನ, ಐದನೆಯ ದಿನ, ವಿಮಾನ, ಅರಿವೆ, ರೊಟ್ಟಿ, ನಾನು. ಅರ್ಧ ನಿಮಿಷವೂ ಹಿಡಿಯಲಿಲ್ಲ. ನನಗೆ ಫೋನು ಬಂದದ್ದು ಮೂರನೆಯ ದಿನ. ಅಂದೇ ನಾನು ಒಂದು ಹೆಸರು ಹೇಳಿದ್ದರೆ ಅಂದೇ ಅವರಿಗೆ ಫೋನು ಹೋಗುತ್ತಿತ್ತು, ಅವರು ತಂದೆಯಿಂದ ದೂರ ಸರಿಯುತ್ತಿದ್ದರು. ಆಮೇಲಿನ ಎರಡು ದಿನ ಆ ಮುದುಕರಿಗೆ ತುತ್ತು ತಿನಿಸುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ — ಆದರೆ ಅಕ್ಕೋರು ಇನ್ನೂ ಮುಗಿಸಿರಲಿಲ್ಲ.

"ನಿಮ್ಮ ಲೇಖನ ಓದೇನ್ರಿ. ಅಣ್ಣನ ಅಂಗಡಿಗೆ ಆ ಪೇಪರ ಬರ್ತದ. ಬಾಜೂಕ ಯಾರೂ ಇರ್ಲಿಲ್ಲ ಅಂತ ಬರದೀರಲ್ಲ, ನೋಡಿ ಕಣ್ಣಾಗ ನೀರ ಬಂತು. ನಮ್ಮ ಮನಿ ಸುದ್ದಿ ಹ್ಯಾಂಗೋ ನಿಮಗ ತಿಳದಿರಬೇಕು, ಈ ಬ್ಯಾನಿ ತಂದಾಕಿ ಅಂತ ನನ್ನ ಸುದ್ದಿ ಎಲ್ಲೂ ಬರಬಾರ್ದಂತ ಹಂಗ ಬರದೀರಿ. ಗೊತ್ತಾತು ನನಗ. ದೊಡ್ಡ ಮನಸ್ಸು ನಿಮ್ಮದು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಒಂದ ಕೇಳಬೇಕಂತ ನಾಕ ವರ್ಷ ಆತ್ರಿ. ನಾ ಒತ್ತಾಯ ಮಾಡಿ ಬುತ್ತಿ ತಿನಸಿದೆ. ನನ್ನಿಂದ ನಿಮಗೇನರೆ ಹತ್ತಿತೇನ್ರಿ? ಹತ್ತಿದ್ರ ಕ್ಷಮಾ ಮಾಡ್ರಿ."

ನನ್ನ ಬಳಿ ಕ್ಷಮೆ ಕೇಳಿದರು! ಕುಳಗೇರಿ ಕ್ರಾಸಿನಲ್ಲಿ, ಹತ್ತು ಜನರ ಎದುರು, ಕೈಮುಗಿದು.

ಈ ಸಲ ವಿಮಾನವಿರಲಿಲ್ಲ, ಆ್ಯಂಬುಲೆನ್ಸಿನ ಹೆದರಿಕೆ ಇರಲಿಲ್ಲ. ನೆಲದ ಮೇಲೆ ನಿಂತಿದ್ದೆ. ನಾಲ್ಕು ವರ್ಷ ಯೋಚಿಸಲು ಸಮಯ ಸಿಕ್ಕಿತ್ತು. ನಾನು ಹೇಳಿದ್ದು ಇದು:

"ಇಲ್ರಿ ಅಕ್ಕೋರ. ನನಗೇನೂ ಆಗ್ಲಿಲ್ಲ."

"ದೇವರು ದೊಡ್ಡಾಂವ," ಎಂದರು. "ಒಬ್ಬರರೆ ಉಳದ್ರಿ." ಬಸ್ಸು ಬಂತು. ಹತ್ತಿ ಹೋದರು.

ವಿಮಾನದಲ್ಲಿ ಸುಮ್ಮನಿದ್ದದ್ದಕ್ಕೆ ಅಂಜಿಕೆ ಎನ್ನಬಹುದು. ಫೋನಿನಲ್ಲಿ ಹೇಳಿದ್ದಕ್ಕೆ ಹೇಡಿತನ ಎನ್ನಬಹುದು. ಇದಕ್ಕೆ ಏನೆನ್ನಲಿ? ತಂದೆಯನ್ನು ಕೊಂದೆ ಎಂದುಕೊಂಡು ಬದುಕುತ್ತಿರುವ ಒಬ್ಬರು ನನ್ನ ಮುಂದೆ ನಿಂತು ದಾರಿ ಕೇಳಿದರು. ಕೈ ಮಾಡಿ ತೋರಿಸುವ ಬದಲು ಅವರನ್ನು ಮತ್ತೆ ಅದೇ ಕತ್ತಲೆಗೆ ದೂಡಿ, ಬಾಗಿಲು ಹಾಕಿಕೊಂಡೆ. ನಾನು ಇಂಥವನೇ? ಹೌದು, ಇಂಥವನು. ಆವತ್ತಿನಿಂದ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುವಾಗಲೂ ಬೆಚ್ಚಿಬೀಳುತ್ತೇನೆ.

ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ನಿಮ್ಮಿಂದನ ಹತ್ತಿತಂತ ಖಾತ್ರಿ ಏನದ? ನಿಲ್ದಾಣದಾಗ ಸಾವಿರ ಮಂದಿ ಇರ್ತಾರ," ಎಂದಳು. ನನ್ನ ಮೇಲಿನ ಕಳಕಳಿಯಿಂದ ಆಡಿದ ಮಾತು. ಡಾಕ್ಟರೂ ಹಾಗೆಯೇ ಹೇಳಬಹುದು. ಖಾತ್ರಿ ಇಲ್ಲ, ನಿಜ. ಆದರೆ ಆ ಸಂಶಯ ನನ್ನ ಸ್ವತ್ತಲ್ಲ. ನಾಲ್ಕು ವರ್ಷ ಅದರ ಲಾಭ ಅಕ್ಕೋರಿಗೆ ಸಿಗಬೇಕಿತ್ತು. ಅವರ ಪಾಲಿನ ಅನುಮಾನವನ್ನೂ ನಾನೇ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ.

ಅವರ ಅಣ್ಣನ ಅಂಗಡಿ ಬಾದಾಮಿ ಬಸ್‌ಸ್ಟ್ಯಾಂಡಿನ ಹತ್ತಿರ. ಪುಸ್ತಕ, ನೋಟುಬುಕ್ಕು ಮಾರುತ್ತಾರೆ. ಪತ್ರಿಕೆ ತಲುಪಿಸುವವರಿಂದ ನಂಬರು ಪಡೆದು ನಿನ್ನೆ ಬೆಳಿಗ್ಗೆ ಅವರಿಗೆ ಫೋನು ಮಾಡಿದೆ. ನನ್ನ ಹೆಸರು ಹೇಳಿ, ನಿಮ್ಮ ತಂದೆಯವರ ಶ್ರಾದ್ಧ ಯಾವಾಗ ಎಂದು ಕೇಳಿದೆ. ಬರುವ ಮಂಗಳವಾರ ಎಂದರು. ಅದರ ಮೊದಲು, ರವಿವಾರ, ನಿಮ್ಮ ಮನೆಗೆ ಬರುತ್ತೇನೆ, ನಿಮ್ಮ ತಂದೆಯವರ ವಿಷಯದಲ್ಲಿ ಒಂದು ಮಾತು ಹೇಳುವುದಿದೆ, ಅಕ್ಕೋರನ್ನೂ ಕರೆಸಿ ಎಂದೆ.

"ಆಕಿನ್ನ ಯಾಕ್ರಿ?" ಎಂದರು.

ಸಿಟ್ಟಿನಿಂದಲ್ಲ. ಸಂತೆಗೆ ಹೋಗುವಾಗ ಕೊಡೆ ಯಾಕೆ ಎಂದು ಕೇಳುವ ಧ್ವನಿಯಲ್ಲಿ. ಒಡಹುಟ್ಟಿದ ತಂಗಿಯ ಬಗ್ಗೆ.

ಫೋನಿನಲ್ಲಿ ಉತ್ತರ ಹೇಳಲಿಲ್ಲ. ಈ ಬರಹವನ್ನು ಮುಂದಿನ ವಾರದವರೆಗೆ ಅಚ್ಚು ಹಾಕಬೇಡಿ ಎಂದು ಸಂಪಾದಕರಿಗೆ ತಿಳಿಸಿದ್ದೇನೆ. ಅಕ್ಕೋರು ಇದನ್ನು ಮೊದಲು ನನ್ನ ಬಾಯಿಂದ ಕೇಳಬೇಕು, ಅದೂ ಅವರ ಅಣ್ಣನ ಎದುರಿಗೆ. ಅವರು ಕ್ಷಮಿಸಲಿ ಎಂದು ಹೋಗುತ್ತಿಲ್ಲ. ಕ್ಷಮಿಸಿಬಿಟ್ಟಾರು ಎಂಬುದೇ ನನ್ನ ಹೆದರಿಕೆ. ಪಡಸಾಲೆಯಲ್ಲಿ ಕೂಡಿಸುವುದಿದ್ದರೆ ನನ್ನನ್ನು ಕೂಡಿಸಲಿ, ಅದೂ ಬೇಡವೆಂದರೆ ಅಂಗಳದಲ್ಲಿ ನಿಲ್ಲಿಸಲಿ. ಮಂಗಳವಾರ ಆ ಮನೆಯ ಅಡುಗೆಮನೆಯಿಂದ ಯಾರಾದರೂ ಅಕ್ಕೋರನ್ನು ಹೆಸರು ಹಿಡಿದು ಒಳಗೆ ಕರೆಯಬೇಕು. ನಾನು ಹೋಗುತ್ತಿರುವುದು ಅಷ್ಟಕ್ಕೇ.